ಸ್ಲೈಡ್ ಮೊದಲು ಯಾರ ಕೈಗೆ ಹೋಗುತ್ತೆ: ಒಂದು ಸರ್ಜಿಕಲ್ ಪೆಥಾಲಜಿ ಫೆಲೋಶಿಪ್ ಆಯ್ಕೆಯ ಪ್ರಕರಣ

ದಾವಣಗೆರೆ, ಚಿತ್ರದುರ್ಗ ಕಡೆ ಎಂಡಿ ಪೆಥಾಲಜಿ ಮುಗಿಸ್ತಿರೋ ಹುಡುಗ ಹುಡುಗಿಯರು ನನ್ನ ಹತ್ರ ಬಂದಾಗ ಕೇಳೋದು ಹೆಚ್ಚೂ ಕಮ್ಮಿ ಒಂದೇ, ಮೇಡಂ ಸರ್ಜಿಕಲ್ ಪೆಥಾಲಜಿ ಫೆಲೋಶಿಪ್‌ಗೆ, ಅಂದ್ರೆ ಎಂಡಿ ಆದ ಮೇಲಿನ ವಿಶೇಷ ತರಬೇತಿಗೆ, ಯಾವ ಸೆಂಟರ್ ಬೆಸ್ಟ್ ಅಂತ. ಎಂಬಿಬಿಎಸ್ ಮುಗಿಸಿದೋರು ಇದನ್ನೇ ಎಂಡಿ ಸೀಟಿನ ಬಗ್ಗೆ ಕೇಳ್ತಾರೆ. ಒಂದು ಹೆಸರು ಹೇಳಿ ಕಳಿಸಿದ್ರೆ ಅವರಿಗೆ ಸಮಾಧಾನ ಆಗುತ್ತೆ, ಆದ್ರೆ ಅದೇ ಹೆಸರಿನ ಜಾಗದಿಂದ ಬಂದ ಇಬ್ಬರಲ್ಲಿ ಒಬ್ರು ಧೈರ್ಯವಾಗಿ ರಿಪೋರ್ಟ್‌ಗೆ ಸಹಿ ಹಾಕ್ತಾರೆ, ಇನ್ನೊಬ್ರು ವರ್ಷ ಕಳೆದ್ರೂ ಸ್ವಲ್ಪ ಕಷ್ಟದ ಕೇಸ್ ಬಂದ್ರೆ ಸಾಕು ಹಳೇ ಗುರುಗಳಿಗೆ ಫೋಟೋ ಕಳಿಸಿ ಕಾಯ್ತಾ ಕೂರ್ತಾರೆ, ಇದನ್ನ ನೋಡಿ ನೋಡಿ ಬರೀ ಹೆಸರು ಹೇಳೋದನ್ನ ಬಿಟ್ಟಿದೀನಿ. ಅದರ ಬದಲು ಒಬ್ಬ ಡಾಕ್ಟರ್ ಮೂರು ಫೆಲೋಶಿಪ್‌ಗಳನ್ನ ಹೇಗೆ ತೂಗಿ ನೋಡಿದ್ಲು, ಯಾವುದನ್ನ ಆರಿಸಿಕೊಂಡ್ಲು, ಆಮೇಲೆ ಏನಾಯ್ತು ಅನ್ನೋದನ್ನ ಪೂರ್ತಿ ಬರೀತೀನಿ. ಆಕೆ ಒಪ್ಪಿಗೆ ಕೊಟ್ಟಿದಾಳೆ, ಗುರುತು ಸಿಗೋ ವಿವರಗಳನ್ನ ಬದಲಾಯಿಸಿದೀನಿ, ಮೂರು ಸಂಸ್ಥೆಗಳಲ್ಲಿ ಒಂದಕ್ಕೂ ಹೆಸರು ಕೊಟ್ಟಿಲ್ಲ. ಹೆಸರು ಊಹಿಸೋಕೆ ಹೋಗ್ಬೇಡಿ, ಅದರಿಂದ ಯಾರಿಗೂ ಉಪಯೋಗ ಇಲ್ಲ.

ಹಿನ್ನೆಲೆ

ಆಕೆ ಚಿತ್ರದುರ್ಗ ಜಿಲ್ಲೆಯ ಅಡಿಕೆ ತೋಟದ ಮನೆಯವಳು. ಎಂಬಿಬಿಎಸ್, ಎಂಡಿ ಎರಡೂ ಇದೇ ಭಾಗದಲ್ಲಿ ಆಯ್ತು, ಮೊದಲಿಂದಲೂ ವಾಪಸ್ ಇಲ್ಲೇ ಕೆಲಸ ಮಾಡ್ಬೇಕು ಅನ್ನೋ ಆಸೆ. ಎಂಡಿ ಪೆಥಾಲಜಿ ಅಂದ್ರೆ ಮೂರು ವರ್ಷ, ಹೊರಗಿನೋರಿಗೆ ಅದು ಪೂರ್ತಿ ಮೈಕ್ರೋಸ್ಕೋಪ್ ನೋಡೋ ಕೋರ್ಸ್ ಅನ್ನಿಸುತ್ತೆ, ಆದ್ರೆ ಆ ಮೂರು ವರ್ಷದೊಳಗೆ ಹಿಸ್ಟೋಪೆಥಾಲಜಿ (ಅಂಗಾಂಶ), ಸೈಟಾಲಜಿ (ಬಿಡಿ ಜೀವಕೋಶ), ಹೆಮಟಾಲಜಿ (ರಕ್ತ), ಕ್ಲಿನಿಕಲ್ ಪೆಥಾಲಜಿ, ಬ್ಲಡ್ ಬ್ಯಾಂಕ್, ಅಟಾಪ್ಸಿ ಎಲ್ಲಾ ತುಂಬಿಸಬೇಕು, ಜೊತೆಗೆ ಥೀಸಿಸ್, ಜೊತೆಗೆ ಮೂರು ತಿಂಗಳು ಡಿಸ್ಟ್ರಿಕ್ಟ್ ರೆಸಿಡೆನ್ಸಿ (ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ), ಎಂಬಿಬಿಎಸ್ ಮಕ್ಕಳ ಪ್ರಾಕ್ಟಿಕಲ್ ಕ್ಲಾಸ್ ಬೇರೆ. ಆಪರೇಷನ್‌ನಿಂದ ಬರೋ ಅಂಗಾಂಶವನ್ನ ಕತ್ತರಿಸಿ ನೋಡಿ ಡಯಾಗ್ನೋಸಿಸ್ ಕೊಡೋ ಸರ್ಜಿಕಲ್ ಪೆಥಾಲಜಿಗೆ ಸಿಗೋದು ಅದರಲ್ಲೊಂದು ಪಾಲು ಮಾತ್ರ.

ಹಾಗಾಗಿ ಎಂಡಿ ಮುಗಿದಾಗ ಆಕೆಗೆ ಕೆಲವು ವಿಷಯ ನೀರು ಕುಡಿದಷ್ಟು ಸಲೀಸು: ಅಪೆಂಡಿಕ್ಸ್, ಗಾಲ್‌ಬ್ಲಾಡರ್, ಗರ್ಭಕೋಶ, ಥೈರಾಯ್ಡ್ ಗಂಟು, ಎಫ್‌ಎನ್‌ಎಸಿ (ಸೂಜಿಯಿಂದ ಜೀವಕೋಶ ಎಳೆದು ನೋಡೋ ಪರೀಕ್ಷೆ). ಕೈ ನಡುಗ್ತಿದ್ದದ್ದು ದೊಡ್ಡ ಕ್ಯಾನ್ಸರ್ ಸ್ಪೆಸಿಮನ್‌ಗೆ (ಆಪರೇಷನ್‌ನಲ್ಲಿ ತೆಗೆದ ಪೀಸ್), ಲಿಂಫೋಮಾಗೆ (ಲಿಂಫ್ ಗ್ರಂಥಿ ಕಡೆಯ ಕ್ಯಾನ್ಸರ್), ಸ್ನಾಯು, ಕೊಬ್ಬಿನಂಥ ಸಾಫ್ಟ್ ಟಿಶ್ಯೂ ಗಡ್ಡೆಗಳಿಗೆ, ಮತ್ತೆ ಫ್ರೋಜನ್ ಸೆಕ್ಷನ್‌ಗೆ, ಅಂದ್ರೆ ರೋಗಿ ಇನ್ನೂ ಟೇಬಲ್ ಮೇಲಿರುವಾಗಲೇ ಇಪ್ಪತ್ತು ನಿಮಿಷದೊಳಗೆ ಉತ್ತರ ಹೇಳ್ಬೇಕಾದ ಕೆಲಸಕ್ಕೆ.

ಈ ಭಾಗದಲ್ಲಿ ಇದು ಯಾಕೆ ಮುಖ್ಯ ಅಂತ ಹೇಳ್ಬೇಕು. ಮೊದಲೆಲ್ಲ ಕ್ಯಾನ್ಸರ್ ಅಂದ ಕೂಡ್ಲೇ ಕಿದ್ವಾಯಿ ಅಂತ ಬೆಂಗಳೂರು ಬಸ್ ಹತ್ತೋರು, ಇಲ್ಲಿಂದ 260 ಕಿಲೋಮೀಟರ್. ಈಗ ದಾವಣಗೆರೆಯಲ್ಲೇ ಆಂಕೋಸರ್ಜನ್‌ಗಳು ದೊಡ್ಡ ಆಪರೇಷನ್ ಮಾಡ್ತಾರೆ, ಮತ್ತೆ ನಮ್ಮ ಕಡೆ ಬಾಯಿ ಕ್ಯಾನ್ಸರ್ ಎಷ್ಟು ಅನ್ನೋದು ಗುಟ್ಕಾ, ಎಲೆಅಡಿಕೆ ನೋಡಿ ಬೆಳೆದ ಎಲ್ಲರಿಗೂ ಗೊತ್ತು. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ, ಅಡಿಕೆ ಮಾರಿ ಓದಿಸಿದ ಮನೆಯ ಹುಡುಗಿ ದಿನಾ ಸಬ್‌ಮ್ಯೂಕಸ್ ಫೈಬ್ರೋಸಿಸ್ (ಅಡಿಕೆಯಿಂದ ಬಾಯಿ ಬಿಗಿಯೋ ಕಾಯಿಲೆ) ಬಯಾಪ್ಸಿ ನೋಡ್ತಾ ಕೂರೋದು ಅವಳಿಗೂ ಹಗುರದ ವಿಷಯ ಆಗಿರಲಿಲ್ಲ, ಅದನ್ನ ನನ್ನ ಹತ್ರ ಒಂದೆರಡು ಸಲ ಹೇಳಿಕೊಂಡಿದ್ಲು.

ಬಾಯಿ ಕ್ಯಾನ್ಸರ್ ರಿಪೋರ್ಟಲ್ಲಿ ಗಡ್ಡೆ ಎಷ್ಟು ಅಗಲ ಅನ್ನೋದಷ್ಟೇ ಸಾಲದು, ಎಷ್ಟು ಆಳಕ್ಕೆ ಇಳಿದಿದೆ ಅನ್ನೋದೂ ಬೇಕು, ಕ್ಯಾನ್ಸರ್ ಸ್ಟೇಜ್ ಹೇಳೋ ಟಿಎನ್‌ಎಂ ಪದ್ಧತಿಯ ಎಂಟನೇ ಆವೃತ್ತಿಯಿಂದ 5 ಮಿಲಿಮೀಟರ್, 10 ಮಿಲಿಮೀಟರ್ ದಾಟಿದ್ಯಾ ಅನ್ನೋದರ ಮೇಲೆ ಸ್ಟೇಜ್ ಬದಲಾಗುತ್ತೆ. ಮಾರ್ಜಿನ್, ಅಂದ್ರೆ ಸರ್ಜನ್ ಕತ್ತರಿಸಿದ ಅಂಚು, ಗಡ್ಡೆಗೆ 5 ಮಿಲಿಮೀಟರ್‌ಗಿಂತ ಹತ್ತಿರ ಇದ್ರೆ ರೇಡಿಯೇಷನ್ ಮಾತು ಬರುತ್ತೆ. ನಾಲಿಗೆ ಪೀಸನ್ನ ಗ್ರಾಸಿಂಗ್ (ಸ್ಪೆಸಿಮನ್ ನೋಡಿ ಕತ್ತರಿಸೋ) ಟೇಬಲ್ ಮೇಲೆ ತಪ್ಪು ದಿಕ್ಕಲ್ಲಿ ಕತ್ತರಿಸಿದ್ರೆ ಆಮೇಲೆ ಎಷ್ಟೇ ಒಳ್ಳೆ ಮೈಕ್ರೋಸ್ಕೋಪ್ ಇದ್ರೂ ಆ ಅಳತೆ ಸಿಗಲ್ಲ. ಇದನ್ನ ಪುಸ್ತಕ ಓದಿ ಕಲಿಯೋಕಾಗಲ್ಲ, ಚಾಕು ಹಿಡಿದು, ಇಂಕ್ ಹಚ್ಚಿ, ಪಕ್ಕದಲ್ಲಿ ಗೊತ್ತಿರೋರು ನಿಂತು "ಹಾಗಲ್ಲ, ಹೀಗೆ ತಿರುಗಿಸು" ಅಂತ ಹೇಳ್ಬೇಕು.

ಸಮಸ್ಯೆ

ಮೂರು ಕಡೆ ಅರ್ಜಿ ಹಾಕಿದ್ಲು, ಮೂರೂ ಕಡೆ ಆಯ್ಕೆ ಆಯ್ತು, ಮೂರೂ ಒಂದು ವರ್ಷದವು. ಖುಷಿ ಪಡೋ ವಿಷಯಾನೇ, ಆದ್ರೆ ಎರಡು ಕಡೆ ಬೇಗ ಹೇಳಿ ಅಂತ ಒತ್ತಾಯ ಶುರುವಾಯ್ತು.

ಮೊದಲನೇದು ಮಹಾನಗರದ ದೊಡ್ಡ ಕ್ಯಾನ್ಸರ್ ಆಸ್ಪತ್ರೆ. ಹೆಸರು ಹೇಳಿದ್ರೆ ಯಾರಾದ್ರೂ ಓಹೋ ಅಂತಾರೆ. ಬೆಟ್ಟದಷ್ಟು ಕೇಸು, ಇಮ್ಯುನೋ ಪ್ಯಾನೆಲ್ (ಮಾರ್ಕರ್ ಅನ್ನೋ ಪ್ರೋಟೀನ್ ಗುರುತುಗಳನ್ನ ನೋಡಿ ಗಡ್ಡೆಯ ಬಗೆ ಹೇಳೋ ಪರೀಕ್ಷೆಗಳು) ಕೇಳಿದ್ದೆಲ್ಲ ಇದೆ, ಜೀನ್ ಪರೀಕ್ಷೆಯ ಮಾಲಿಕ್ಯುಲರ್ ಲ್ಯಾಬ್ ಇದೆ, ಪ್ರತಿ ಅಂಗಕ್ಕೂ ಬೇರೆ ಬೇರೆ ಸ್ಪೆಷಲಿಸ್ಟ್. ಎರಡನೇದು ರಾಜ್ಯದೊಳಗಿನ ಒಂದು ಹಳೇ ಮೆಡಿಕಲ್ ಕಾಲೇಜು, ಒಂದೇ ಫೆಲೋ ಸೀಟು, ಕೇಸು ಮಧ್ಯಮ, ಇಮ್ಯುನೋ ಇದೆ ಆದ್ರೆ ಅಪರೂಪದ ಮಾರ್ಕರ್‌ಗಳಿಗೆ ಬ್ಲಾಕ್ (ಮೇಣದಲ್ಲಿ ಹುದುಗಿಸಿದ ಅಂಗಾಂಶ) ಹೊರಗೆ ಕಳಿಸ್ಬೇಕು. ಮೂರನೇದು ಬೇರೆ ಊರುಗಳಿಂದ ಸ್ಯಾಂಪಲ್ ಬರೋ ಕಾರ್ಪೊರೇಟ್ ರೆಫರೆನ್ಸ್ ಲ್ಯಾಬ್, ಸಂಬಳ ಉಳಿದೆರಡಕ್ಕಿಂತ ಎಷ್ಟೋ ಜಾಸ್ತಿ, ಡಿಜಿಟಲ್ ಸ್ಕ್ಯಾನರ್, ಎಸಿ ರೂಮು, ಭಾನುವಾರ ರಜ.

ಅಪ್ಪಂಗೆ ದೊಡ್ಡ ಆಸ್ಪತ್ರೆ ಬೇಕು, ಅಣ್ಣಂಗೆ ಸಂಬಳ. ಆಕೆಗೆ ಏನು ಬೇಕು ಅನ್ನೋದು ಆಕೆಗೇ ಸ್ಪಷ್ಟ ಇರಲಿಲ್ಲ, ಚೆನ್ನಾಗಿ ಕಲೀಬೇಕು ಅಂತಿದ್ಲು, ಚೆನ್ನಾಗಿ ಅಂದ್ರೆ ಏನಮ್ಮ ಅಂದ್ರೆ ಸುಮ್ಮನಾಗೋಳು.

ಏನೇನು ಮಾಡಿ ನೋಡಿದ್ಲು

ಮೊದಲು ಎಕ್ಸೆಲ್ ಶೀಟ್ ಮಾಡಿದ್ಲು. ವರ್ಷಕ್ಕೆ ಎಷ್ಟು ಸ್ಪೆಸಿಮನ್, ಎಷ್ಟು ಕನ್ಸಲ್ಟೆಂಟ್, ಎಷ್ಟು ಮಾರ್ಕರ್, ಎಷ್ಟು ಪೇಪರ್ ಪಬ್ಲಿಷ್, ಸ್ಟೈಪೆಂಡ್ ಎಷ್ಟು, ಹಾಸ್ಟೆಲ್ ಇದ್ಯಾ, ಹೀಗೆ ಕಾಲಂಗಳು, ಒಂದೊಂದಕ್ಕೂ ಮಾರ್ಕ್ಸ್, ಕೊನೆಗೆ ಟೋಟಲ್. ಟೋಟಲಲ್ಲಿ ದೊಡ್ಡ ಆಸ್ಪತ್ರೆ ಬಹಳ ಮುಂದೆ, ಹಳೇ ಕಾಲೇಜು ಕೊನೇಲಿ.

ಅಮೆರಿಕಾದಲ್ಲಿ ಪೆಥಾಲಜಿ ರೆಸಿಡೆನ್ಸಿ ಮಾಡ್ತಿದ್ದ ಬ್ಯಾಚ್‌ಮೇಟ್ ಒಬ್ಬನ ಹತ್ರ ಮಾತಾಡಿದ್ಲು. ಅಲ್ಲಿ ಎಸಿಜಿಎಂಇ ಅನ್ನೋ ಮಂಡಳಿ ಕನಿಷ್ಠ ಸಂಖ್ಯೆ ನಿಗದಿ ಮಾಡಿದೆ, ರೆಸಿಡೆನ್ಸಿ ಮುಗಿಯೋದ್ರೊಳಗೆ 2,000 ಸರ್ಜಿಕಲ್ ಸ್ಪೆಸಿಮನ್, 1,500 ಸೈಟಾಲಜಿ, ಆಪರೇಷನ್ ಮಧ್ಯದ 200 ಕನ್ಸಲ್ಟೇಷನ್ ನೋಡಿರಬೇಕು. ಇದನ್ನ ಕೇಳಿ ಆಕೆಗೆ ಸಂಖ್ಯೆ ಮೇಲೆ ಇನ್ನೂ ನಂಬಿಕೆ ಬಂತು. ಆದ್ರೆ ಅದೇ ಹುಡುಗ ಇನ್ನೊಂದು ಮಾತು ಸೇರಿಸಿದ್ದ, ಸಂಖ್ಯೆ ಇಲ್ಲಿ ಎಲ್ಲಾ ಕಡೆ ತುಂಬುತ್ತೆ ಕಣೇ, ಫೆಲೋಶಿಪ್ ಹುಡುಕುವಾಗ ನಾವು ಕೇಳೋದು ಪ್ರಿವ್ಯೂ ಟೈಮ್ ಇದ್ಯಾ ಅಂತ. ಪ್ರಿವ್ಯೂ ಅಂದ್ರೆ ಹೊಸ ಸ್ಲೈಡ್ ಬಂದ ಮೇಲೆ ಕನ್ಸಲ್ಟೆಂಟ್ ನೋಡೋಕೆ ಮುಂಚೆ ಟ್ರೈನೀ ಒಬ್ಬನೇ ಕೂತು ನೋಡಿ, ತನ್ನ ಡಯಾಗ್ನೋಸಿಸ್ ಬರೆದು, ಆಮೇಲೆ ಕನ್ಸಲ್ಟೆಂಟ್ ಜೊತೆ ಸೈನ್ ಔಟ್‌ಗೆ, ಅಂದ್ರೆ ರಿಪೋರ್ಟ್ ಅಂತಿಮ ಮಾಡೋಕೆ, ಕೂರೋದು.

ಆಕೆ ಎಕ್ಸೆಲ್ ತಂದು ತೋರಿಸಿದಾಗ ನಾನು ಆಕೆಯ ಎಂಡಿ ಲಾಗ್‌ಬುಕ್ ತೆಗೆಸಿದೆ. ಸಾವಿರಾರು ಎಂಟ್ರಿ. ಇದರಲ್ಲಿ ಯಾವ ಕೇಸಲ್ಲಿ ನಿನ್ನ ಉತ್ತರ ತಪ್ಪಾಗಿ, ಯಾಕೆ ತಪ್ಪು ಅಂತ ಯಾರಾದ್ರೂ ಕೂರಿಸಿ ಹೇಳಿದಾರೆ, ಅವಕ್ಕೆ ಪೆನ್ಸಿಲಲ್ಲಿ ಟಿಕ್ ಹಾಕು ಅಂದೆ. ಬೆರಳೆಣಿಕೆ. ಮತ್ತೆ ಟಿಕ್ ಹಾಕಿದ ಒಂದೊಂದೂ ಆಕೆಗೆ ನಿನ್ನೆ ನೋಡಿದಂಗೆ ನೆನಪಿತ್ತು, ಯಾವ ಹೆಂಗಸಿನ ಸ್ತನ, ಯಾವ ಮಗುವಿನ ಲಿಂಫ್ ನೋಡ್, ಯಾವ ಮೂಲೇಲಿ ಏನು ಬಿಟ್ಟಿದ್ಲು ಅನ್ನೋದು ಸಮೇತ. ಉಳಿದ ಎಂಟ್ರಿಗಳು ಬರೀ ಅಕ್ಷರ. ಇಡೀ ಪ್ರಕರಣ ತಿರುಗಿದ್ದು ಇಲ್ಲಿ ಅಂತ ನಾನು ಹೇಳ್ತೀನಿ. ಎಕ್ಸೆಲ್ ಅಲ್ಲಿಗೇ ಬಿಟ್ಲು. ಮೂರೂ ಕಡೆ ಖುದ್ದು ಹೋಗಿ ಎರಡೆರಡು ದಿನ ಕೂತು ನೋಡ್ತೀನಿ, ಸ್ಲೈಡ್ ಮೊದಲು ಯಾರ ಕೈಗೆ ಹೋಗುತ್ತೆ ಅನ್ನೋದೊಂದನ್ನೇ ನೋಡ್ತೀನಿ ಅಂತ ಹೊರಟ್ಲು. ಒತ್ತಾಯ ಮಾಡ್ತಿದ್ದ ಎರಡೂ ಕಡೆಗೆ ಒಂದು ವಾರ ಸಮಯ ಕೊಡಿ ಅಂತ ಮೇಲ್ ಹಾಕಿದ್ಲು, ಎರಡೂ ಕಡೆ ಕೊಟ್ರು. ಕೇಳಿದ್ರೆ ಸೀಟ್ ಹೋಗಿಬಿಡುತ್ತೆ ಅನ್ನೋ ಭಯ ನಮ್ಮ ಮಕ್ಕಳಿಗೆ ಜಾಸ್ತಿ, ಅದಕ್ಕೇ ಇದನ್ನ ಬರೆದೆ.

ಮೂರು ಭೇಟಿ

ಕಾರ್ಪೊರೇಟ್ ಲ್ಯಾಬ್ ಭೇಟಿ ಬೇಗ ಮುಗೀತು. ಎಲ್ಲಾ ಶಿಸ್ತು, ಸ್ಲೈಡ್ ಕ್ವಾಲಿಟಿ ಆಕೆ ಅಲ್ಲೀವರೆಗೆ ನೋಡಿದ್ರಲ್ಲೇ ಒಳ್ಳೇದು. ಆದ್ರೆ ಬರೋದು ಬಹುಪಾಲು ಚಿಕ್ಕ ಬಯಾಪ್ಸಿ, ಫಾರ್ಮಲ್ಲಿ ಎಷ್ಟೋ ಸಲ "ಗಡ್ಡೆ" ಅಂತಷ್ಟೇ ಬರೆದಿರ್ತಾರೆ, ಸ್ಕ್ಯಾನಲ್ಲಿ ಏನಿದೆ ಅಂತ ಕೇಳೋಕೆ ಸರ್ಜನ್ ಇನ್ನೊಂದು ಊರಲ್ಲಿ. ಫ್ರೋಜನ್ ಇಲ್ಲ, ಟ್ಯೂಮರ್ ಬೋರ್ಡ್ (ಎಲ್ಲಾ ವಿಭಾಗದ ಡಾಕ್ಟರ್‌ಗಳು ಕೂತು ಕ್ಯಾನ್ಸರ್ ಕೇಸ್ ಚರ್ಚಿಸೋ ಸಭೆ) ಇಲ್ಲ, ಗಡ್ಡೆ ಸಮೇತ ಅಂಗ ತೆಗೆದ ದೊಡ್ಡ ರಿಸೆಕ್ಷನ್ ಅಪರೂಪ. ಐದಾರು ವರ್ಷ ಅನುಭವ ಆದೋರಿಗೆ ಅದು ಒಳ್ಳೆ ಕೆಲಸ, ಕಲಿಯೋಕೆ ಬಂದೋಳಿಗೆ ಅಲ್ಲ ಅಂತ ಎರಡನೇ ದಿನ ಮಧ್ಯಾಹ್ನವೇ ಅನ್ನಿಸಿತಂತೆ.

ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೊದಲ ದಿನ ಆಕೆ ತೇಲಾಡ್ತಿದ್ಲು, ಫೋನಲ್ಲೇ ಗೊತ್ತಾಗ್ತಿತ್ತು. ಒಂದೇ ಬೆಳಿಗ್ಗೆ ಅಷ್ಟು ಸಾರ್ಕೋಮಾ (ಸಾಫ್ಟ್ ಟಿಶ್ಯೂ, ಮೂಳೆಯ ಕ್ಯಾನ್ಸರ್) ಆಕೆ ಮೂರು ವರ್ಷದಲ್ಲೂ ನೋಡಿರಲಿಲ್ಲ. ಎರಡನೇ ದಿನ ಸಂಜೆ ನಾಲ್ಕರ ಮೇಲೆ ಗ್ರಾಸಿಂಗ್ ರೂಮಲ್ಲಿ ಕೂತಳು, ಆ ಹೊತ್ತಿಗೇ ಹೋಗು ಅಂತ ನಾನೇ ಹೇಳಿದ್ದೆ, ಯಾಕಂದ್ರೆ ಬೆಳಿಗ್ಗೆ ಎಲ್ಲಾ ಡಿಪಾರ್ಟ್‌ಮೆಂಟೂ ಚಂದ, ಯಾರ ಮೇಲೆ ಕೆಲಸ ಬಿದ್ದಿದೆ ಅನ್ನೋದು ಸಂಜೆ ಗೊತ್ತಾಗುತ್ತೆ. ಫೆಲೋಗಳು ಬಕೆಟ್ ಬಕೆಟ್ ಸ್ಪೆಸಿಮನ್ ಮುಗಿಸ್ತಿದ್ರು. ಒಳ್ಳೆ ಕೈ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವರು ಕತ್ತರಿಸಿದ ಕೇಸಿನ ಸ್ಲೈಡ್ ಮಾರನೇ ದಿನ ನೇರ ಕನ್ಸಲ್ಟೆಂಟ್ ರೂಮಿಗೆ ಹೋಗ್ತಿತ್ತು, ರಿಪೋರ್ಟ್ ಬೇಗ ಹೋಗ್ಬೇಕು ಅನ್ನೋ ಒತ್ತಡ ಅಲ್ಲಿ ನಿಜಕ್ಕೂ ಇದೆ, ರೋಗಿಗಳು ದೂರದಿಂದ ಬಂದು ಛತ್ರದಲ್ಲಿ ಕಾಯ್ತಿರ್ತಾರೆ. ಫೆಲೋಗಳು ಸಮಯ ಸಿಕ್ಕಾಗ ಸೈನ್ ಔಟ್‌ನಲ್ಲಿ ಪಕ್ಕಕ್ಕೆ ಕೂತು ನೋಡೋರು.

ವರ್ಷ ಮುಗಿಸೋ ಹಂತದಲ್ಲಿದ್ದ ಒಬ್ಬ ಫೆಲೋ ಹತ್ರ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಇತ್ತೀಚೆಗೆ ನಿಮ್ಮ ಡಯಾಗ್ನೋಸಿಸ್ಸೂ ಕನ್ಸಲ್ಟೆಂಟ್ ಡಯಾಗ್ನೋಸಿಸ್ಸೂ ಬೇರೆ ಬಂದ ಕೇಸ್ ಯಾವುದು, ಆಗ ಏನಾಯ್ತು?" ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, "ನನ್ನ ಡಯಾಗ್ನೋಸಿಸ್ ಬರೆಯೋ ಸಂದರ್ಭ ಬರಲ್ಲ ಇಲ್ಲಿ" ಅಂದ್ರಂತೆ. ದೂರೋ ಧಾಟಿಯಲ್ಲಿ ಅಲ್ಲ, ಇದ್ದದ್ದನ್ನ ಇದ್ದಂಗೆ.

ಒಂದು ಮಾತು ಇಲ್ಲೇ ಹೇಳ್ಬೇಕು, ಎಲ್ಲಾ ದೊಡ್ಡ ಸೆಂಟರೂ ಹೀಗೇ ಅಂತಲ್ಲ. ಕೇಸೂ ಜಾಸ್ತಿ ಇದ್ದು ಫೆಲೋಗೆ ಪ್ರಿವ್ಯೂ ಟೈಮನ್ನೂ ಕಟ್ಟುನಿಟ್ಟಾಗಿ ಇಟ್ಟಿರೋ ಜಾಗಗಳಿದಾವೆ, ಅಂಥದ್ದು ಸಿಕ್ರೆ ಕಣ್ಣು ಮುಚ್ಚಿ ಸೇರಿ. ಈ ಪ್ರಕರಣದ ಆಸ್ಪತ್ರೆಯಲ್ಲಿ ಆ ವರ್ಷ ಅದು ಇರಲಿಲ್ಲ, ಅಷ್ಟೇ.

ಹಳೇ ಕಾಲೇಜಿನ ಕಟ್ಟಡ ನೋಡಿದ್ರೆ ಯಾರಿಗೂ ಸೇರ್ಬೇಕು ಅನ್ಸಲ್ಲ. ಮೈಕ್ರೋಸ್ಕೋಪ್ ಹಳೇದು, ಸೈನ್ ಔಟ್ ರೂಮು ಚಿಕ್ಕದು. ಆದ್ರೆ ಮಧ್ಯಾಹ್ನ ಎರಡಕ್ಕೆ ಸ್ಲೈಡ್ ಟ್ರೇ ಫೆಲೋ ಟೇಬಲ್‌ಗೆ ಬಂತು, ಬೇರೆ ಯಾರೂ ಮುಟ್ಟಲಿಲ್ಲ. ಅಲ್ಲಿದ್ದ ಫೆಲೋ ಒಂದು ಉದ್ದನೇ ರೂಲ್ಡ್ ರಿಜಿಸ್ಟರ್ ತೆಗೆದು ಪ್ರತಿ ಕೇಸಿಗೂ ಎಡಗಡೆ ತನ್ನ ಡಯಾಗ್ನೋಸಿಸ್ ಪೆನ್ನಲ್ಲೇ ಬರೆದ್ರು, ಪೆನ್ಸಿಲ್ ಬಳಸೋ ಹಾಗಿಲ್ಲ ಅಂತ ನಿಯಮ. ಮಾರನೇ ಬೆಳಿಗ್ಗೆ ಮಲ್ಟಿಹೆಡ್ ಮೈಕ್ರೋಸ್ಕೋಪ್ ಸುತ್ತ ಎಲ್ಲಾ ಕೂತು, ಫೆಲೋನೇ ಸ್ಲೈಡ್ ಓಡಿಸಿ, ಕನ್ಸಲ್ಟೆಂಟ್ ಒಪ್ಪಿದ್ರೆ ಬಲಗಡೆ ಸಹಿ, ಒಪ್ಪದಿದ್ರೆ ಯಾಕೆ ಅಂತ ಕೆಂಪು ಇಂಕಲ್ಲಿ ಒಂದು ಸಾಲು. ದೊಡ್ಡ ಆಸ್ಪತ್ರೆಯಲ್ಲಿ ಕೇಳಿದ ಪ್ರಶ್ನೆಯನ್ನೇ ಆ ಫೆಲೋಗೂ ಕೇಳಿದ್ದಕ್ಕೆ ಅವರು ಬಾಯಲ್ಲಿ ಉತ್ತರ ಹೇಳದೆ ರಿಜಿಸ್ಟರ್ ಹಿಂದಿನ ಪುಟಗಳನ್ನ ತಿರುಗಿಸಿ ತೋರಿಸಿದ್ರಂತೆ. ಮೊದಲ ತಿಂಗಳ ಪುಟಗಳಲ್ಲಿ ಕೆಂಪು ಸಾಲು ತುಂಬಿತ್ತು, ಬರ್ತಾ ಬರ್ತಾ ಕಮ್ಮಿ. ಫ್ರೋಜನ್ ಬಂದಾಗ್ಲೂ ಅಷ್ಟೇ, ಅಂಗಾಂಶ ಹೆಪ್ಪುಗಟ್ಟಿಸಿ ಕತ್ತರಿಸೋ ಕ್ರಯೋಸ್ಟಾಟ್‌ನಿಂದ ಸ್ಲೈಡ್ ಬಂದ ಕೂಡ್ಲೇ ಮೊದಲು ಫೆಲೋ ಜೋರಾಗಿ ಹೇಳ್ಬೇಕು, ಆಮೇಲೆ ಕನ್ಸಲ್ಟೆಂಟ್ ನೋಡಿ ಓಟಿಗೆ ಫೋನ್ ಮಾಡೋದು.

ನಮ್ಮೂರಿನ ಬೆಣ್ಣೆ ದೋಸೆ ಹೋಟೆಲಲ್ಲಿ ವರ್ಷಗಟ್ಟಲೆ ಹಿಟ್ಟು ರುಬ್ಬಿದೋನಿಗೆ ಹಂಚಿನ ಮುಂದೆ ನಿಲ್ಲಿಸಿದ ದಿನ ಕೈ ಓಡಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಆಕೆಗೆ ಸಿಗ್ತಿದ್ದದ್ದು ರುಬ್ಬೋ ಕೆಲಸ, ಇಲ್ಲಿ ಹಂಚು.

ನಿರ್ಧಾರ

ಆದ್ರೂ ಹಳೇ ಕಾಲೇಜನ್ನ ಆರಿಸೋದು ಸುಲಭ ಇರಲಿಲ್ಲ. ಮನೇಲಿ ಅಪ್ಪ, "ಅಲ್ಲಮ್ಮ, ಅಷ್ಟು ದೊಡ್ಡ ಆಸ್ಪತ್ರೆ ಬಿಟ್ಟು ಅಲ್ಲಿಗ್ಯಾಕೆ, ನಾಳೆ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯ" ಅಂದ್ರು, ಅವರ ಮಾತಲ್ಲೂ ಹುರುಳಿತ್ತು, ಕೆಲಸಕ್ಕೆ ಅರ್ಜಿ ಹಾಕಿದಾಗ ಮೊದಲು ಓದೋದು ಹೆಸರನ್ನೇ. ನಾನು ಆಕೆಗೆ ಹೇಳಿದ್ದು ಇಷ್ಟು: ನೀನು ಮಹಾನಗರದಲ್ಲಿ ಉಳಿದು ಒಂದೇ ಅಂಗದ ಸ್ಪೆಷಲಿಸ್ಟ್ ಆಗೋದಾದ್ರೆ ದೊಡ್ಡ ಆಸ್ಪತ್ರೆಗೆ ಹೋಗು, ಅಲ್ಲಿಯ ಸಂಪರ್ಕ ನಿನ್ನ ಕೈ ಹಿಡಿಯುತ್ತೆ. ದಾವಣಗೆರೆಗೆ ವಾಪಸ್ ಬಂದು ಬೆಳಿಗ್ಗೆ ಸ್ತನ, ಮಧ್ಯಾಹ್ನ ನಾಲಿಗೆ, ಸಂಜೆ ಕರುಳು ನೋಡ್ಬೇಕು, ಪಕ್ಕದ ರೂಮಲ್ಲಿ ಕೇಳೋಕೆ ಯಾರೂ ಇರಲ್ಲ ಅನ್ನೋದಾದ್ರೆ ಒಬ್ಬಳೇ ಕೂತು ನಿರ್ಧಾರ ಮಾಡೋ ಅಭ್ಯಾಸ ಈ ವರ್ಷವೇ ಆಗ್ಬೇಕು, ತಪ್ಪಿದಾಗ ಹಿಡಿಯೋಕೆ ಮೇಲೆ ಒಬ್ರು ಇರುವಾಗಲೇ ಆಗ್ಬೇಕು. ಆಕೆ ಹಳೇ ಕಾಲೇಜಿಗೆ ಹೂಂ ಅಂದ್ಲು.

ಆ ವರ್ಷ ನಡೆದದ್ದು

ಮೊದಲ ಮೂರು ತಿಂಗಳು ಅಂದುಕೊಂಡಂಗೇ ಹೋಯ್ತು. ಕೊಲೊನ್ ಸ್ಪೆಸಿಮನ್‌ನಲ್ಲಿ ಕನಿಷ್ಠ 12 ಲಿಂಫ್ ನೋಡ್ ಸಿಗೋವರೆಗೂ ಕೊಬ್ಬಿನಲ್ಲಿ ಹುಡುಕೋದು, ಸಿಗದಿದ್ರೆ ಮಾರನೇ ದಿನ ಮತ್ತೆ ಹೋಗಿ ಹುಡುಕೋದು, ಸ್ತನದ ಪೀಸ್ ಬಂದ ತಕ್ಷಣ ಸ್ಲೈಸ್ ಮಾಡಿ ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡೋ ದ್ರವ) ಹಾಕೋದು, ಎಲ್ಲಾ ಕೈಗೆ ಬಂತು. ಆಕೆಯ ರಿಜಿಸ್ಟರಲ್ಲೂ ಕೆಂಪು ಸಾಲು ತುಂಬಿತು, ರಾತ್ರಿ ಫೋನ್ ಮಾಡಿ ಅತ್ತದ್ದೂ ಉಂಟು, ಎಂಡಿಯಲ್ಲಿ ಒಳ್ಳೆ ಮಾರ್ಕ್ಸ್ ತಗೊಂಡೋಳಿಗೆ ದಿನಾ ಎಲ್ಲರ ಮುಂದೆ ತಪ್ಪು ಅಂತ ಕೇಳೋದು ನೋವೇ.

ನಾಲ್ಕನೇ ತಿಂಗಳಲ್ಲಿ ಪೆಟ್ಟು ಬಿತ್ತು. ಅಲ್ಲಿ ಕ್ಯಾನ್ಸರ್ ಕೇಸುಗಳನ್ನ ಸೈನ್ ಔಟ್ ಮಾಡ್ತಿದ್ದ ಇಬ್ಬರು ಹಿರಿಯರಲ್ಲಿ ಒಬ್ರು ಕೆಲಸ ಬಿಟ್ಟು ಬೇರೆ ಊರಿಗೆ ಹೋದ್ರು. ಲಿಂಫೋಮಾ, ಸಾಫ್ಟ್ ಟಿಶ್ಯೂ ಕಲಿಸ್ತಿದ್ದೋರು ಅವರೇ. ಉಳಿದೋರ ಮೇಲೆ ಹೊರೆ ಎರಡು ಪಟ್ಟು, ಬೆಳಗಿನ ಸೈನ್ ಔಟ್ ಕೆಲವು ದಿನ ಮಧ್ಯಾಹ್ನಕ್ಕೆ ಜಾರೋದು, ಆಕೆ ಬರೆದ ಲಿಂಫೋಮಾ ಕೇಸುಗಳ ಬಲಗಡೆ ಕಾಲಂ ದಿನಗಟ್ಟಲೆ ಖಾಲಿ. ಚಿಕ್ಕ ಪ್ರೋಗ್ರಾಂನ ನಿಜವಾದ ಅಪಾಯ ಇದೇ, ಅದು ಒಬ್ಬಿಬ್ಬರ ಹೆಗಲ ಮೇಲೆ ನಿಂತಿರುತ್ತೆ.

ಬಿಟ್ಟು ಬರ್ಲಾ ಅಂತ ಕೇಳಿದ್ಲು. ಬಿಡ್ಬೇಡ, ಏನು ಕಮ್ಮಿ ಆಗಿದೆಯೋ ಅದನ್ನಷ್ಟೇ ಬರೆದು ಮುಖ್ಯಸ್ಥರ ಹತ್ರ ಹೋಗು ಅಂದೆ. ಆಕೆ ರಿಜಿಸ್ಟರ್ ತಗೊಂಡೇ ಹೋದ್ಲು, ಯಾವ ಬಗೆಯ ಕೇಸುಗಳಿಗೆ ಚರ್ಚೆ ಆಗಿಲ್ಲ ಅನ್ನೋದು ಪುಟ ನೋಡಿದ್ರೆ ಗೊತ್ತಾಗೋ ಹಾಗಿತ್ತು, ವಾದ ಮಾಡೋ ಅಗತ್ಯವೇ ಬರಲಿಲ್ಲ. ಒಂದು ತಿಂಗಳು ಇನ್ನೊಂದು ಸಂಸ್ಥೆಯ ಹೆಮಟೋಲಿಂಫಾಯ್ಡ್ (ರಕ್ತ, ಲಿಂಫ್ ಕ್ಯಾನ್ಸರ್) ವಿಭಾಗಕ್ಕೆ ಅಬ್ಸರ್ವರ್ ಆಗಿ ಕಳಿಸೋಕೆ ಅವರು ಒಪ್ಪಿದ್ರು. ಅಲ್ಲಿ ಆಕೆ ನೋಡಿದ್ದು ಮಾತ್ರ, ಬರೆದದ್ದಿಲ್ಲ, ಆದ್ರೂ ಪ್ರತಿ ಕೇಸಿಗೂ ತನ್ನ ನೋಟ್‌ಬುಕ್ಕಲ್ಲಿ ಮೊದಲು ತನ್ನ ಉತ್ತರ ಬರೆದು ಆಮೇಲೆ ಕೇಳಿಸಿಕೊಳ್ಳೋ ಅಭ್ಯಾಸ ಬಿಡಲಿಲ್ಲ. ಸಾಫ್ಟ್ ಟಿಶ್ಯೂ ಕೊರತೆ ತುಂಬಲೇ ಇಲ್ಲ, ಇವತ್ತಿಗೂ ಆ ಕೇಸುಗಳನ್ನ ಎರಡನೇ ಅಭಿಪ್ರಾಯಕ್ಕೆ ಕಳಿಸ್ತಾಳೆ, ಕಳಿಸೋದೇ ಸರಿ.

ವಾಪಸ್ ಬಂದ ಮೇಲೆ

ಈಗ ಆಕೆ ದಾವಣಗೆರೆಯಲ್ಲಿ ಕೆಲಸ ಮಾಡ್ತಿದಾಳೆ. ಫೆಲೋಶಿಪ್ ಸರ್ಟಿಫಿಕೇಟ್ ನೋಡಿ ಇಂಟರ್ವ್ಯೂನಲ್ಲಿ ಯಾರೂ ಹುಬ್ಬೇರಿಸಲಿಲ್ಲ, ಅಪ್ಪ ಹೇಳಿದ್ದು ಅಲ್ಲಿ ನಿಜವಾಯ್ತು, ಸಂಬಳವೂ ಅಣ್ಣ ಲೆಕ್ಕ ಹಾಕಿದಷ್ಟು ಬರಲಿಲ್ಲ.

ಆಕೆ ಬಂದು ಮೊದಲು ಬದಲಾಯಿಸಿದ್ದು ಮೈಕ್ರೋಸ್ಕೋಪ್ ಹತ್ರದ ಕೆಲಸ ಅಲ್ಲ. ಸ್ತನದ ಸ್ಪೆಸಿಮನ್ ಜೊತೆ ಬರೋ ಫಾರ್ಮಲ್ಲಿ ಪೀಸ್ ಹೊರಗೆ ತೆಗೆದ ಸಮಯ, ಫಾರ್ಮಲಿನ್‌ಗೆ ಹಾಕಿದ ಸಮಯ ಎರಡನ್ನೂ ಬರೀಬೇಕು ಅಂತ ಓಟಿ ಸಿಸ್ಟರ್‌ಗಳ ಹತ್ರ ಕೂತು ಹೇಳಿದ್ಲು. ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಬೀಳ್ಬೇಕು, 6ರಿಂದ 72 ಗಂಟೆ ಅದರಲ್ಲಿರ್ಬೇಕು, ಇಲ್ಲದಿದ್ರೆ ಯಾವ ಔಷಧಿ ಕೊಡ್ಬೇಕು ಅಂತ ತೀರ್ಮಾನಿಸೋ ಇಆರ್, ಪಿಆರ್, ಹರ್2 ಟೆಸ್ಟ್ ಇದ್ದದ್ದನ್ನ ಇಲ್ಲ ಅಂತ ತೋರಿಸಬಹುದು, ಆಗ ಆ ಹೆಂಗಸಿಗೆ ಸಿಗಬೇಕಾದ ಔಷಧಿಯೇ ಸಿಗಲ್ಲ. ಇಮ್ಯುನೋಗೆ ಬ್ಲಾಕ್ ಬೆಂಗಳೂರಿಗೆ ಹೋಗುತ್ತೆ, ಆದ್ರೆ ಟೆಸ್ಟ್ ಸರಿಯಾಗಿ ಬರುತ್ತಾ ಇಲ್ವಾ ಅನ್ನೋದು ನಮ್ಮ ಓಟಿ ಬಾಗಿಲಲ್ಲೇ ತೀರ್ಮಾನ ಆಗಿರುತ್ತೆ.

ಆಮೇಲೆ ಫ್ರೋಜನ್. ಒಂದು ನಾಲಿಗೆ ಕೇಸಲ್ಲಿ ಆಳದ ಮಾರ್ಜಿನ್‌ನಲ್ಲಿ ಗಡ್ಡೆ ಇದೆ ಅಂತ ಹೇಳಿದ್ಲು, ಸರ್ಜನ್ ಇನ್ನೂ ತೆಗೆದ್ರು, ಆಮೇಲೆ ನಿಧಾನವಾಗಿ ತಯಾರಾಗೋ ಪರ್ಮನೆಂಟ್ ಸ್ಲೈಡಲ್ಲಿ ಅದೇ ಬಂತು. ಚೆನ್ನಾಗಾಯ್ತು. ಆದ್ರೆ ಆ ಫೆಲೋಶಿಪ್ ಏನು ಕಲಿಸ್ತು ಅನ್ನೋದಕ್ಕೆ ನಾನು ಹೇಳೋದು ಇನ್ನೊಂದು ಕೇಸ್. ಅರ್ಧ ಥೈರಾಯ್ಡ್ ತೆಗೆದು ಫ್ರೋಜನ್‌ಗೆ ಕಳಿಸಿದ್ರು, ಫಾಲಿಕ್ಯುಲಾರ್ ಗಡ್ಡೆ. ಓಟಿಯಿಂದ ಫೋನ್, ಕ್ಯಾನ್ಸರ್ ಹೌದಾ ಅಲ್ವಾ ಹೇಳಿ, ಪೂರ್ತಿ ತೆಗೀತೀವಿ. ಆ ಬಗೆ ಗಡ್ಡೆ ಕ್ಯಾನ್ಸರ್ ಹೌದೋ ಅಲ್ವೋ ಅನ್ನೋದು ಗಡ್ಡೆ ತನ್ನ ಸುತ್ತಲಿನ ಪೊರೆ, ಅಂದ್ರೆ ಕ್ಯಾಪ್ಸೂಲ್, ದಾಟಿದ್ಯಾ, ರಕ್ತನಾಳಕ್ಕೆ ಹೊಕ್ಕಿದ್ಯಾ ಅನ್ನೋದರ ಮೇಲೆ, ಅದಕ್ಕೆ ಕ್ಯಾಪ್ಸೂಲಿನ ಸುತ್ತ ಸಾಕಷ್ಟು ಬ್ಲಾಕ್ ಬೇಕು, ಫ್ರೋಜನ್‌ನ ಒಂದೆರಡು ತುಂಡಲ್ಲಿ ನಂಬೋ ಹಾಗೆ ಹೇಳೋಕಾಗಲ್ಲ. ಫೋನಲ್ಲಿ ಹಿರಿಯ ಸರ್ಜನ್, ಕಾಯ್ತಿರೋ ಅರಿವಳಿಕೆ ಡಾಕ್ಟರ್, ಹೊಸದಾಗಿ ಸೇರಿದ ಹುಡುಗಿ. ಆಕೆ "ಸರ್, ಇದನ್ನ ಫ್ರೋಜನ್‌ನಲ್ಲಿ ಹೇಳಲ್ಲ, ಪರ್ಮನೆಂಟ್‌ಗೆ ಬಿಡಿ, ಇವತ್ತು ಇಷ್ಟಕ್ಕೇ ನಿಲ್ಲಿಸಿ" ಅಂದ್ಲು. ಸರ್ಜನ್ ಬೇಜಾರು ಮಾಡ್ಕೊಂಡ್ರು, ನಿಲ್ಲಿಸಿದ್ರು. ಕೆಲವು ದಿನ ಕಳೆದು ಪೂರ್ತಿ ಕ್ಯಾಪ್ಸೂಲ್ ನೋಡಿದಾಗ ಅದು ಅಡಿನೋಮಾ, ಸಾಧು ಗಡ್ಡೆ. ಉಳಿದ ಅರ್ಧ ಥೈರಾಯ್ಡ್ ಆ ರೋಗಿಯ ಕುತ್ತಿಗೆಯಲ್ಲೇ ಇದೆ.

ಎಲ್ಲಿ ನಿಲ್ಲಿಸ್ಬೇಕು ಅನ್ನೋ ಈ ಧೈರ್ಯ ಹೇಗೆ ಬಂತು ಅಂದ್ರೆ, ವರ್ಷಪೂರ್ತಿ ಮೊದಲು ತಾನೇ ಜೋರಾಗಿ ಹೇಳಿ, ಎಷ್ಟೋ ಸಲ ತಪ್ಪಿ, ಯಾವ ಬಗೆ ಕೇಸಲ್ಲಿ ತಪ್ತೀನಿ ಅನ್ನೋದು ಆಕೆಗೆ ಗೊತ್ತಾಗಿತ್ತು. ಪಕ್ಕದಲ್ಲಿ ಕೂತು ಬೇರೆಯೋರ ಸರಿ ಉತ್ತರ ಕೇಳಿಸಿಕೊಂಡ್ರೆ ಎಲ್ಲಾ ಕೇಸೂ ಸುಲಭ ಅನ್ನಿಸ್ತಾ ಹೋಗುತ್ತೆ, ಅದಕ್ಕೇ ನಾನು ಪ್ರೋಗ್ರಾಂ ತೂಗುವಾಗ ಕೇಸಿನ ಸಂಖ್ಯೆಗಿಂತ ಮೊದಲು ಟ್ರೈನೀ ಬರೆದ ಉತ್ತರ ಎಲ್ಲಿ ದಾಖಲಾಗುತ್ತೆ ಅಂತ ಕೇಳೋದು. ಸಂಖ್ಯೆ ಬೇಡ ಅಂತಲ್ಲ, ತೀರಾ ಕಮ್ಮಿ ಕೇಸಿರೋ ಕಡೆ ಎಷ್ಟೇ ಪ್ರೀತಿಯಿಂದ ಕಲಿಸಿದ್ರೂ ಕಣ್ಣಿಗೆ ಬೀಳದೇ ಇರೋದನ್ನ ಕಲಿಸೋಕಾಗಲ್ಲ. ಮತ್ತೆ ಈ ಪ್ರಕರಣದಿಂದ ನಾನು ಸೇರಿಸಿಕೊಂಡ ಎರಡನೇ ಪ್ರಶ್ನೆ, ನಿಮಗೆ ಕಲಿಸೋರಲ್ಲಿ ಒಬ್ರು ನಾಳೆ ಬಿಟ್ಟು ಹೋದ್ರೆ ಆ ಕೇಸುಗಳನ್ನ ಯಾರು ಸೈನ್ ಔಟ್ ಮಾಡ್ತಾರೆ ಅನ್ನೋದು. ಇದನ್ನ ಮುಖ್ಯಸ್ಥರಿಗೇ ನೇರ ಕೇಳಿ, ಒಳ್ಳೆ ಮುಖ್ಯಸ್ಥರು ಬೇಜಾರು ಮಾಡ್ಕೊಳ್ಳಲ್ಲ.

ಎಂಡಿ ಸೀಟು ಹುಡುಕೋರಿಗೂ ಇದೇ ಪ್ರಶ್ನೆಗಳು ಆಗುತ್ತೆ, ಆದ್ರೆ ಒಂದು ವ್ಯತ್ಯಾಸ ಇದೆ. ಅಲ್ಲಿ ನೀಟ್ ಪಿಜಿ ರ್‍ಯಾಂಕು, ಕೌನ್ಸೆಲಿಂಗ್ ಸುತ್ತು, ಶುಲ್ಕ ಇಷ್ಟರೊಳಗೆ ಸಿಕ್ಕಿದ್ದನ್ನ ಹಿಡೀಬೇಕಾಗುತ್ತೆ, ಅಲಾಟ್‌ಮೆಂಟ್ ಆದ ಮೇಲೆ ಹೋಗಿ ಸೇರೋಕೆ ಕೊಡೋದು ಕೆಲವೇ ದಿನ, ಆಗ ಎರಡೆರಡು ದಿನ ಕೂತು ನೋಡೋಕೆ ಎಲ್ಲಿ ಸಮಯ. ಹಾಗಾಗಿ ಪೆಥಾಲಜಿ ಇಷ್ಟ ಇರೋ ಮಕ್ಕಳು ಇಂಟರ್ನ್‌ಶಿಪ್ ವರ್ಷದಲ್ಲೇ, ರಜ ಸಿಕ್ಕಾಗ, ಹತ್ತಿರದ ನಾಲ್ಕೈದು ಕಾಲೇಜಿನ ಡಿಪಾರ್ಟ್‌ಮೆಂಟಿಗೆ ಮಧ್ಯಾಹ್ನದ ಮೇಲೆ ಹೋಗಿ ಎರಡನೇ ವರ್ಷದ ಪಿಜಿಗಳ ಹತ್ರ ಮಾತಾಡಿ. ಮೊದಲ ವರ್ಷದೋರಿಗೆ ಇನ್ನೂ ಏನೂ ಗೊತ್ತಿರಲ್ಲ, ಮೂರನೇ ವರ್ಷದೋರು ಥೀಸಿಸ್, ಪರೀಕ್ಷೆಯಲ್ಲಿ ಮುಳುಗಿರ್ತಾರೆ. ನಿನ್ನೆ ಗ್ರಾಸ್ ಮಾಡಿದ ಕೇಸಿನ ಸ್ಲೈಡ್ ಇವತ್ತು ಎಲ್ಲಿದೆ ತೋರಿಸ್ತೀರಾ ಅಂತ ಕೇಳಿ, ಅವರು ಎದ್ದು ಯಾವ ರೂಮಿನ ಕಡೆ ನಡೀತಾರೆ ಅನ್ನೋದನ್ನ ನೋಡ್ಕೊಳ್ಳಿ, ಚಾಯ್ಸ್ ಲಿಸ್ಟ್ ತುಂಬುವಾಗ ಅದು ಕೆಲಸಕ್ಕೆ ಬರುತ್ತೆ.